ಎರೆ ಮಣ್ಣಿನ ಊರಲ್ಲಿ ಮೂರಡಿ ತೋಟ: ಗಿಡ್ಡ ಹೂಗಿಡಗಳನ್ನು ಬೆಳೆಸುವ ಸಮಗ್ರ ಮಾರ್ಗದರ್ಶಿ

ವಿಜಯಪುರದಲ್ಲಿ ಈಗ ಕಟ್ಟುವ ಮನೆಗಳಿಗೆ ಅಂಗಳ ಅಂತ ಉಳಿಯುವುದೇ ಕಡಿಮೆ. 30×40 ಜಾಗದಲ್ಲಿ ಮನೆ, ನೀರಿನ ಟಾಕಿ, ಗಾಡಿ ನಿಲ್ಲಿಸುವ ಜಾಗ ಎಲ್ಲಾ ಕಳೆದು ಕಂಪೌಂಡ್ ಪಕ್ಕ ಒಂದು ಪಟ್ಟಿ ಉಳಿದರೆ ಪುಣ್ಯ. ನಮ್ಮ ಮನೆಯ ಮುಂದೆ ಉಳಿದದ್ದೂ ಅಷ್ಟೇ: 3 ಅಡಿ ಅಗಲ, 14 ಅಡಿ ಉದ್ದ. ಇವತ್ತು ಅದರಲ್ಲಿ ಆರು ಹೂಗಿಡಗಳಿವೆ. ಯಾವುದೂ ಎದೆಮಟ್ಟ ದಾಟಿಲ್ಲ. ಯಾವುದೂ ಓಡಾಡುವ ದಾರಿಗೆ ಅಡ್ಡ ಬಂದಿಲ್ಲ. ಬೆಳಗ್ಗೆ ದೇವರಿಗೆ ಹೂ ಇಲ್ಲ ಅನ್ನುವ ದಿನ ವರ್ಷಕ್ಕೆ ನಾಲ್ಕೈದು ಬಂದರೆ ಹೆಚ್ಚು.

ಮೊದಲ ಸಲ ಹೀಗಾಗಲಿಲ್ಲ. ನಮ್ಮ ಕಪ್ಪು ಎರೆ ಮಣ್ಣಿನಲ್ಲಿ ಒಂದೂವರೆ ಅಡಿ ಗುಂಡಿ ತೋಡಿ, ಕೆಂಪು ಮಣ್ಣು, ಗೊಬ್ಬರ ತುಂಬಿ, ಐದು ದುಂಡು ಮಲ್ಲಿಗೆ ಸಸಿ ನೆಟ್ಟಿದ್ದೆ. ಎರಡು ತಿಂಗಳು ಚೆನ್ನಾಗಿಯೇ ಇದ್ದವು. ಸೆಪ್ಟೆಂಬರ್ ಮಳೆ ಹಿಡಿಯಿತು ನೋಡಿ, ಹತ್ತು ದಿನದಲ್ಲಿ ಎಲೆ ಹಳದಿ. ತಿಂಗಳೊಳಗೆ ನಾಲ್ಕು ಗಿಡ ಹೋದವು. ಕಿತ್ತು ನೋಡಿದರೆ ಬೇರು ಕಪ್ಪಾಗಿ, ಬೆರಳಿಗೆ ಸಿಪ್ಪೆ ಕಳಚಿ ಬರುತ್ತಿತ್ತು. ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರು ಬಂದು ಗುಂಡಿಯೊಳಗೆ ಕೈ ಹಾಕಿ ನೋಡಿ, "ತಂಗಿ, ನೀ ಗುಂಡಿ ತೋಡಿಲ್ಲ, ಬಾನಿ ಇಟ್ಟೀದಿ. ಸುತ್ತ ಎಲ್ಲಾ ಎರಿ ಮಣ್ಣು. ನೀರು ಎಲ್ಲಿಂದ ಹೋಗಬೇಕು?" ಅಂದರು.

ಆ ಮಾತು ಕೇಳಿದ ಮೇಲೆ ನಾನು ಗಿಡದ ಬಗ್ಗೆ ಯೋಚಿಸುವ ಕ್ರಮವೇ ಬದಲಾಯಿತು. ಮೊದಲು ಮಣ್ಣು, ನಂತರ ಜಾತಿ, ಕೊನೆಗೆ ಕತ್ತರಿ. ಈ ಮೂರು ಸರಿ ಇದ್ದರೆ ಸಣ್ಣ ಜಾಗದಲ್ಲೂ ಗಿಡ ಗಿಡ್ಡಗೆ, ತುಂಬಿಕೊಂಡು, ಹೂ ಬಿಡುತ್ತಾ ಇರುತ್ತದೆ. ಅದೇ ಕ್ರಮದಲ್ಲಿ ಹೇಳುತ್ತಾ ಹೋಗುತ್ತೇನೆ.

ಬಿಸಿಲಿನ ಲೆಕ್ಕ

ಗಿಡ ತರುವ ಮೊದಲು ಒಂದು ರಜೆಯ ದಿನ ಜಾಗವನ್ನು ಸುಮ್ನೆ ನೋಡಿ. ಬೆಳಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ನೆರಳು ಎಲ್ಲಿ ಬಿದ್ದಿದೆ ಅಂತ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಹೂ ಬಿಡುವ ಬಹಳಷ್ಟು ಗಿಡಗಳಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಬಿಸಿಲು ಕಡಿಮೆಯಾದರೆ ಗಿಡ ಬೆಳಕು ಹುಡುಕುತ್ತಾ ಉದ್ದ ಎಳೆಯುತ್ತದೆ. ಗೆಣ್ಣಿನಿಂದ ಗೆಣ್ಣಿಗೆ ದೂರ ಜಾಸ್ತಿಯಾಗುತ್ತದೆ. ನೆರಳಿನಲ್ಲಿ ಗಿಡವನ್ನು ಗಿಡ್ಡ ಇಡುವುದು ಯಾವ ಕತ್ತರಿಗೂ ಆಗದ ಕೆಲಸ.

ನಮ್ಮ ಊರಲ್ಲಿ ಪೂರ್ವದ ಕಡೆಯ ಜಾಗ ಎಲ್ಲಕ್ಕಿಂತ ಒಳ್ಳೆಯದು. ಬೆಳಗಿನ ಬಿಸಿಲು ಪೂರ್ತಿ ಸಿಗುತ್ತದೆ, ಮಧ್ಯಾಹ್ನದ ನಂತರ ಮನೆಯ ನೆರಳು ಬರುತ್ತದೆ. ಪಶ್ಚಿಮದ ಗೋಡೆ ಏಪ್ರಿಲ್‌ನಲ್ಲಿ ಹೆಂಚಿನ ಹಾಗೆ ಕಾಯುತ್ತದೆ. ಅಲ್ಲಿ ಕಣಗಿಲ, ಕಾಗದದ ಹೂವಿನಂಥ ಗಟ್ಟಿ ಗಿಡಗಳಿಗೆ ಮಾತ್ರ ಜಾಗ ಕೊಡಿ. ಉತ್ತರದ ಕಡೆಯ ಬಗ್ಗೆ ಒಂದು ವಿಷಯ ಗೊತ್ತಿರಲಿ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಸ್ವಲ್ಪ ಉತ್ತರಕ್ಕಿರುತ್ತಾನೆ. ಡಿಸೆಂಬರ್‌ನಲ್ಲಿ ತಂಪಾಗಿದ್ದ ಜಾಗ ಮೇ ಕೊನೆಯಲ್ಲಿ ಹಾಗೆಯೇ ಇರುವುದಿಲ್ಲ.

ಮಣ್ಣಿಗೆ ಎರಡು ಪರೀಕ್ಷೆ

ಎರೆ ಮಣ್ಣು ಜೋಳಕ್ಕೆ, ಕಡಲೆಗೆ ಬಂಗಾರ. ಆದರೆ ಹೂಗಿಡದ ಬೇರಿಗೆ ಅದರ ಸ್ವಭಾವ ಕಷ್ಟ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕು ಬಿಡುವಾಗ ಸಣ್ಣ ಬೇರುಗಳನ್ನು ಹರಿದು ಹಾಕುತ್ತದೆ. ಉಬ್ಬಿದಾಗ ಬೇರಿಗೆ ಗಾಳಿ ಸಿಗುವುದಿಲ್ಲ.

ಮೊದಲ ಪರೀಕ್ಷೆ ನೀರಿನದು. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ. ನಾಲ್ಕು ಗಂಟೆಯ ನಂತರವೂ ನೀರು ನಿಂತಿದ್ದರೆ ಆ ನೆಲದಲ್ಲಿ ಗುಂಡಿ ತೋಡಿ ನೆಡಬೇಡಿ. ನೆಲದ ಮೇಲೆ ಎತ್ತರದ ಮಡಿ ಕಟ್ಟಿ ನೆಡಬೇಕು.

ಎರಡನೆಯದು ಸುಣ್ಣದ ಪರೀಕ್ಷೆ. ಒಣ ಮಣ್ಣು ಒಂದು ಚಮಚ ತಗೊಂಡು ಬಿಳಿ ವಿನೆಗರ್ ಹನಿಸಿ. ಸೋಡಾ ಹಾಗೆ ಗುಳ್ಳೆ ಎದ್ದರೆ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ ಇದೆ ಅಂತ ಅರ್ಥ. ಹೊರಗಿನಿಂದ ತರಿಸುವ ಮಸಾರಿ (ಕೆಂಪು) ಮಣ್ಣಿಗೂ ಇದನ್ನೇ ಮಾಡಿ, ಟ್ರ್ಯಾಕ್ಟರ್ ಖಾಲಿ ಮಾಡಿಸುವ ಮೊದಲೇ ಮಾಡಿ. ಸುಣ್ಣ ಇರುವ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಗಿಡಕ್ಕೆ ಎಳೆದುಕೊಳ್ಳಲು ಆಗುವುದಿಲ್ಲ. ಇಕ್ಸೋರಾ, ಗಾರ್ಡೇನಿಯಾದಂಥ ಹೂಗಿಡಗಳು ನಮ್ಮಲ್ಲಿ ಹಳದಿಯಾಗಿ ಸೊರಗುವುದು ಇದೇ ಕಾರಣಕ್ಕೆ. ಅದೇ ಗಿಡಗಳು ಬೆಳಗಾವಿ, ಖಾನಾಪುರದ ಕೆಂಪು ಮಣ್ಣಿನಲ್ಲಿ, ಅಲ್ಲಿಯ ಮಳೆಯಲ್ಲಿ ಹಸಿರಾಗಿ ನಗುತ್ತಿರುತ್ತವೆ. ಬೆಳಗಾವಿಯ ತಂಗಿಯ ಮನೆಯಲ್ಲಿ ನೋಡಿ ಆಸೆಪಟ್ಟು ತಂದರೆ ಇಲ್ಲಿ ಅದೇ ಫಲ ಸಿಗುವುದಿಲ್ಲ. ಪೂರ್ತಿ ಲೆಕ್ಕ ಬೇಕಿದ್ದವರು ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿಕೊಳ್ಳಬಹುದು.

ಮಡಿ ಕಟ್ಟುವುದು

ಮಡಿಯನ್ನು ಕಂಪೌಂಡ್ ಕಡೆ ಕಟ್ಟಿ. ಮನೆಯ ಗೋಡೆಗೆ ತಾಗಿಸಿ ಕಟ್ಟಬೇಡಿ. ಎರೆ ಮಣ್ಣಿನ ಮೇಲೆ ನಿಂತ ಮನೆಗೆ ಬುನಾದಿ ಪಕ್ಕದಲ್ಲಿ ದಿನಾ ನೀರು ಬಿಡುವುದು ಒಳ್ಳೆಯದಲ್ಲ. ಒಂದು ಕಡೆ ಮಣ್ಣು ಉಬ್ಬಿ, ಇನ್ನೊಂದು ಕಡೆ ಒಣಗಿದರೆ ಗೋಡೆ ಸೀಳು ಬಿಡುತ್ತದೆ. ಮನೆ ಗೋಡೆಯಿಂದ ಕನಿಷ್ಠ ಮೂರಡಿಯಾದರೂ ದೂರ ಇರಲಿ. ಕಂಪೌಂಡ್ ಗೋಡೆಗೂ ಮಡಿಗೂ ನಡುವೆ ನಾಲ್ಕು ಇಂಚು ಬಿಡಿ, ಇಲ್ಲಾಂದ್ರೆ ಗೋಡೆ ಸದಾ ತೇವ ಹಿಡಿಯುತ್ತದೆ.

ಎತ್ತರ 15 ಇಂಚು ಸಾಕು. ಅಂಚಿಗೆ ಇಟ್ಟಿಗೆ ಹಾಕಬಹುದು, ಶಹಾಬಾದ್ ಕಲ್ಲಿನ ಹಲಗೆಗಳನ್ನು ನಿಲ್ಲಿಸಬಹುದು. ಕೆಳಗೆ ಸಿಮೆಂಟ್ ಹಾಕಬೇಡಿ. ಕೆಳಗಿನ ಎರೆ ಮಣ್ಣನ್ನು ಆರು ಇಂಚು ಅಗೆದು ಸಡಿಲ ಮಾಡಿ, ಅದರ ಮೇಲೆ ಹೊಸ ಮಣ್ಣು ಸುರಿಯಿರಿ. ಕಂಪೌಂಡ್ ಕಡೆಯಿಂದ ದಾರಿ ಕಡೆಗೆ ಸ್ವಲ್ಪ ಇಳಿಜಾರು ಇರಲಿ. ಅಂಚಿನ ಕಲ್ಲುಗಳ ಬುಡದಲ್ಲಿ ಎರಡು ಅಡಿಗೊಂದರಂತೆ ಬೆರಳು ಹೋಗುವಷ್ಟು ಸಂದು ಬಿಡಿ. ಹೆಚ್ಚಿನ ನೀರು ಅಲ್ಲಿಂದ ಹೊರಗೆ ಬರುತ್ತದೆ. ತಳಕ್ಕೆ ದಪ್ಪ ಕಲ್ಲಿನ ಪದರ ಹಾಕಿದರೆ ನೀರು ಬೇಗ ಬಸಿಯುತ್ತದೆ ಅಂತ ಬಹಳ ಮಂದಿ ನಂಬಿದ್ದಾರೆ. ಹಾಗೆ ಆಗುವುದಿಲ್ಲ. ಸಣ್ಣ ಕಣದ ಮಣ್ಣು ಪೂರ್ತಿ ನೆನೆದು ತುಂಬುವ ತನಕ ನೀರು ಕಲ್ಲಿನ ಪದರಕ್ಕೆ ಇಳಿಯುವುದೇ ಇಲ್ಲ. ಗರಸನ್ನು, ಅಂದರೆ ಸಣ್ಣ ಕಲ್ಲುಹರಳನ್ನು, ತಳಕ್ಕೆ ಹಾಕುವ ಬದಲು ಮಣ್ಣಿನಲ್ಲೇ ಬೆರೆಸಿ.

ನಾನು ಬೆರೆಸುವ ಲೆಕ್ಕ ಹೀಗೆ: ಮೂರು ಬುಟ್ಟಿ ಮಸಾರಿ, ಒಂದು ಬುಟ್ಟಿ ಚೆನ್ನಾಗಿ ಕೊಳೆತ ತಿಪ್ಪೆ ಗೊಬ್ಬರ, ಒಂದು ಬುಟ್ಟಿ ಸಣ್ಣ ಗರಸು ಅಥವಾ ದಪ್ಪ ಮರಳು. 14 ಅಡಿ ಉದ್ದ, 3 ಅಡಿ ಅಗಲ, 15 ಇಂಚು ಎತ್ತರದ ಮಡಿಗೆ ಸುಮಾರು 52 ಘನ ಅಡಿ ಬೇಕು. ಕುಸಿಯುವುದನ್ನೂ ಸೇರಿಸಿ 60 ಅಂತ ಹಿಡಿಯಿರಿ. ಅಂದರೆ 36 ಮಸಾರಿ, 12 ಗೊಬ್ಬರ, 12 ಗರಸು. ಒಂದು ಬ್ರಾಸ್‌ಗೆ 100 ಘನ ಅಡಿ, ಹಾಗಾಗಿ ಅರ್ಧ ಬ್ರಾಸ್ ಮಸಾರಿ ತರಿಸಿದರೆ ಸಾಕಾಗಿ ಉಳಿಯುತ್ತದೆ. ಉಳಿದದ್ದು ಕುಂಡಕ್ಕೆ.

ಒಲೆಯ ಬೂದಿ, ಮೊಟ್ಟೆ ಸಿಪ್ಪೆ, ಸುಣ್ಣ ಯಾವುದನ್ನೂ ಸೇರಿಸಬೇಡಿ. ಮಲೆನಾಡಿನ ಹುಳಿ ಮಣ್ಣಿಗೆ ಅವು ಒಳ್ಳೆಯವು. ನಮ್ಮ ಮಣ್ಣು, ನೀರು ಎರಡರಲ್ಲೂ ಮೊದಲೇ ಕ್ಷಾರ ಇದೆ. ಮಣ್ಣು ತುಂಬಿದ ಮೇಲೆ ಎರಡು ಮೂರು ಸಲ ನೀರು ಬಿಟ್ಟು ಹದಿನೈದು ದಿನ ಕುಳಿತುಕೊಳ್ಳಲು ಬಿಡಿ.

ಮೂರಡಿ ಜಾಗಕ್ಕೆ ಯಾವ ಗಿಡ?

ನರ್ಸರಿಯಲ್ಲಿ ಗಿಡದ ಇವತ್ತಿನ ಎತ್ತರ ನೋಡಬೇಡಿ. ಮೂರು ವರ್ಷದ ನಂತರ ಎಷ್ಟಾಗುತ್ತದೆ ಅಂತ ಕೇಳಿ. ಸಣ್ಣ ಪಾಕೀಟಿನಲ್ಲಿ ಇರುವುದೆಲ್ಲ ಗಿಡ್ಡ ಜಾತಿ ಅಲ್ಲ. ಕೆಲವು ಕಡೆ ಬೆಳವಣಿಗೆ ತಡೆಯುವ ಔಷಧಿ ಕೊಟ್ಟು ಗಿಡವನ್ನು ಕುಳ್ಳಗೆ, ಹೂ ತುಂಬಿ ಕಾಣುವಂತೆ ಮಾಡಿರುತ್ತಾರೆ. ಔಷಧಿಯ ಶಕ್ತಿ ಇಳಿದ ಮೇಲೆ ಅದು ತನ್ನ ಸಹಜ ಎತ್ತರಕ್ಕೆ ಹೊರಡುತ್ತದೆ. ಪಾರಿಜಾತ, ಹಳದಿ ಗಂಟೆ ಹೂ, ರತ್ನಗಂಧಿ ನನಗೂ ಪ್ರೀತಿಯ ಗಿಡಗಳೇ. ಆದರೆ ಅವು ಮೂರಡಿ ಪಟ್ಟಿಗೆ ಹುಟ್ಟಿದವಲ್ಲ. ಪ್ರತಿ ತಿಂಗಳು ಕಡಿಯುತ್ತಾ ಕೂತರೆ ಗಿಡಕ್ಕೂ ಕಷ್ಟ, ಹೂವೂ ಇಲ್ಲ.

ದುಂಡು ಮಲ್ಲಿಗೆಗೆ ನನ್ನ ಮೊದಲ ಜಾಗ. ವರ್ಷಕ್ಕೊಮ್ಮೆ ಗಟ್ಟಿಯಾಗಿ ಕತ್ತರಿಸಿದರೆ ಮೂರಡಿ ಒಳಗೇ ಇರುತ್ತದೆ. ಮಾರ್ಚ್‌ನಿಂದ ಜೂನ್ ತನಕ, ಅಂದರೆ ಬೇರೆ ಗಿಡಗಳು ಬಿಸಿಲಿಗೆ ಬಾಡುವ ಹೊತ್ತಿನಲ್ಲಿ, ಇದು ತುಂಬಿ ಅರಳುತ್ತದೆ. ನಮ್ಮ ಬಿಸಿಲು ಅದಕ್ಕೆ ಹಬ್ಬ.

ಗಿಡ್ಡ ನಂದಿಬಟ್ಟಲು ಎರಡರಿಂದ ಮೂರಡಿಯ ದುಂಡನೆಯ ಪೊದೆ. ಸಣ್ಣ ಎಲೆ, ಬಿಳಿ ಚಕ್ರದಂಥ ಹೂ. ಬಿಸಿಲು, ಅರೆ ನೆರಳು ಎರಡಕ್ಕೂ ಒಗ್ಗುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಮೊದಲ ಗಿಡವಾಗಿ ಇದನ್ನೇ ಹೇಳುತ್ತೇನೆ.

ಅಬ್ಬಲಿಗೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬೇಕೇ ಬೇಕು. ಕನಕಾಂಬರ ಅಂತಲೂ ಕರೆಯುತ್ತಾರೆ. ಸಾಮಾನ್ಯವಾಗಿ ಎರಡಡಿ ಆಸುಪಾಸು ಇರುತ್ತದೆ. ದಿಲ್ಲಿ ಕನಕಾಂಬರ ಎನ್ನುವ ತಳಿ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಆದರೆ ಹೂ ದೊಡ್ಡದು, ಬಣ್ಣ ಚೆಂದ. ಅಬ್ಬಲಿಗೆಗೆ ಬೇರುಗಂಟು ಹುಳದ ಕಾಟ ಇದೆ. ಪಕ್ಕದಲ್ಲಿ ಚೆಂಡು ಹೂ ಹಾಕಿದರೆ ಅದು ಸ್ವಲ್ಪ ಹತೋಟಿಗೆ ಬರುತ್ತದೆ.

ದಾಸವಾಳದಲ್ಲಿ ಜಾತಿ ನೋಡಿ ಆರಿಸಿ. ಕೆಂಪು ದೇಸಿ ದಾಸವಾಳ ಬಿಟ್ಟರೆ ಎಂಟು ಹತ್ತು ಅಡಿ ಹೋಗುತ್ತದೆ. ಗೆಣ್ಣು ಹತ್ತಿರ ಹತ್ತಿರ ಇರುವ, ಬುಡದಿಂದಲೇ ಕವಲೊಡೆಯುವ ಗಿಡ್ಡ ತಳಿ ತಗೊಳ್ಳಿ. ಕತ್ತರಿ ಹಾಕುತ್ತಿದ್ದರೆ ನಾಲ್ಕಡಿಗೆ ನಿಲ್ಲಿಸಬಹುದು.

ಗಿಡ್ಡ ಕಣಗಿಲ ಉರಿ ಬಿಸಿಲು, ಗಡಸು ನೀರು, ಕೆಟ್ಟ ಮಣ್ಣು ಎಲ್ಲವನ್ನೂ ತಡೆಯುತ್ತದೆ. ಆದರೆ ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಸಣ್ಣ ಮಕ್ಕಳಿದ್ದರೆ, ಆಡು ಎಮ್ಮೆ ಕಟ್ಟುವ ಮನೆಯಾದರೆ ತರಲೇಬೇಡಿ. ಕತ್ತರಿಸಿದ ಕಡ್ಡಿಗಳನ್ನು ರಸ್ತೆ ಬದಿಗೆ ಎಸೆಯಬೇಡಿ, ದನ ತಿಂದಾವು. ಒಲೆಗೂ ಹಾಕಬೇಡಿ, ಹೊಗೆಯೂ ಕೆಟ್ಟದ್ದು.

ನೀಲಿ ಬೇಕು ಅನ್ನುವವರಿಗೆ ಪ್ಲಂಬಾಗೋ. ಎಷ್ಟು ಕತ್ತರಿಸಿದರೂ ಬೇಸರವಿಲ್ಲದೆ ಚಿಗುರುತ್ತದೆ. ಪೆಂಟಾಸ್ ಒಂದೂವರೆ ಅಡಿಯ ಅಂಚಿನ ಗಿಡ, ಚಿಟ್ಟೆಗಳನ್ನು ಕರೆಯುತ್ತದೆ. ಇಕ್ಸೋರಾ ಬೇಕೇ ಬೇಕು ಅಂದರೆ ಕುಂಡದಲ್ಲಿಟ್ಟು ಮಳೆ ನೀರು ಕೊಟ್ಟು ಬೆಳೆಸಿ.

ಗಿಡದಿಂದ ಗಿಡಕ್ಕೆ ಎಷ್ಟು ದೂರ? ಎರಡು ಗಿಡಗಳು ಪೂರ್ತಿ ಬೆಳೆದಾಗಿನ ಅಗಲ ಕೂಡಿಸಿ ಎರಡರಿಂದ ಭಾಗಿಸಿ. ಮೂರಡಿ ಹರಡುವ ಮಲ್ಲಿಗೆ, ಎರಡಡಿ ಹರಡುವ ಅಬ್ಬಲಿಗೆ ಇದ್ದರೆ ನಡುವೆ ಎರಡೂವರೆ ಅಡಿ. 14 ಅಡಿಯಲ್ಲಿ ಆರು ಗಿಡ ಬರುವುದು ಹಾಗೆ. ಮೊದಲ ವರ್ಷ ಮಡಿ ಖಾಲಿ ಖಾಲಿ ಕಾಣುತ್ತದೆ. ಆ ಖಾಲಿ ಜಾಗಕ್ಕೆ ಚೆಂಡು ಹೂ, ಸೇವಂತಿಗೆ ಹಾಕಿ. ಏಳನೇ ಪೊದೆ ತಂದು ತುರುಕಬೇಡಿ.

ಸಸಿ ಆರಿಸುವುದು, ನೆಡುವುದು

ಹೂ ತುಂಬಿದ ಸಸಿಗಿಂತ ಬುಡದಿಂದಲೇ ಮೂರು ನಾಲ್ಕು ಕವಲು ಹೊರಟ ಸಸಿ ಒಳ್ಳೆಯದು. ಪಾಕೀಟಿನ ತಳ ನೋಡಿ. ದಪ್ಪ ಬೇರು ಸುತ್ತಿಕೊಂಡು ಹೊರಗೆ ಬಂದಿದ್ದರೆ ಅದು ಬಹಳ ದಿನದಿಂದ ಅಲ್ಲೇ ಇದೆ. ಎಲೆಯ ಕೆಳಗೆ ಬಿಳಿ ಹಿಟ್ಟಿನಂಥದ್ದು ಇದ್ದರೆ ಕೈಬಿಡಿ.

ನೆಡಲು ಜೂನ್ ಕೊನೆ, ಜುಲೈ ಒಳ್ಳೆಯ ಕಾಲ. ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್‌ನಲ್ಲಿ. ಅಷ್ಟರೊಳಗೆ ಬೇರು ಹಿಡಿದಿರುತ್ತದೆ. ಅದು ತಪ್ಪಿದರೆ ಅಕ್ಟೋಬರ್ ಕೊನೆಗೆ ನೆಡಿ. ಫೆಬ್ರವರಿಯ ನಂತರ ನೆಟ್ಟರೆ ಬೇರು ಹಿಡಿಯುವ ಮೊದಲೇ ಬಿಸಿಲು ಬಂದು ಕೂರುತ್ತದೆ.

ನೆಡುವುದು ಸಂಜೆ. ಪಾಕೀಟಿಗೆ ಮೊದಲೇ ನೀರು ಹಾಕಿ ನೆನೆಸಿ, ನಂತರ ಪ್ಲಾಸ್ಟಿಕ್ ಸೀಳಿ ತೆಗೆಯಿರಿ. ಕೆಲವರು ಪಾಕೀಟಿನ ಸಮೇತ ನೆಡುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಬೇರು ಸುತ್ತಿದ್ದರೆ ಬೇರಿನ ಉಂಡೆಗೆ ಮೂರು ಕಡೆ ಬ್ಲೇಡಿನಿಂದ ಅರ್ಧ ಇಂಚು ಆಳಕ್ಕೆ ಮೇಲಿನಿಂದ ಕೆಳಗೆ ಗೀರಿ. ಗುಂಡಿಗೆ ಒಂದು ಹಿಡಿ ಬೇವಿನ ಹಿಂಡಿ ಹಾಕಿ ಮಣ್ಣಿನೊಡನೆ ಬೆರೆಸಿ. ಪಾಕೀಟಿನಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಅಷ್ಟೇ ಆಳಕ್ಕೆ ನೆಡಿ. ಕಾಂಡ ಹೂತರೆ ಬುಡ ಕೊಳೆಯುತ್ತದೆ.

ನೆಟ್ಟ ತಕ್ಷಣ ಹೊದಿಕೆ. ಇದಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಕಬ್ಬಿನ ರವದಿ (ಒಣ ಗರಿ), ಶೇಂಗಾ ಹೊಟ್ಟು, ಕತ್ತರಿಸಿದ ಜೋಳದ ಕಣಿಕೆ (ದಂಟು), ಒಣ ಬೇವಿನ ಎಲೆ ಯಾವುದಾದರೂ ಆಗುತ್ತದೆ. ಎರಡು ಮೂರು ಇಂಚು ದಪ್ಪ ಹರಡಿ. ಕಾಂಡದ ಸುತ್ತ ಎರಡು ಇಂಚು ಬಿಟ್ಟು ಹರಡಿ, ತಾಗಿಸಬೇಡಿ. ಗೆದ್ದಲು ಕಂಡರೆ ಹೊದಿಕೆ ತೆಳುವಾಗಿಸಿ ಬೇವಿನ ಹಿಂಡಿ ಉದುರಿಸಿ.

ನೀರು

ನಮ್ಮ ಬೋರ್ ನೀರು ಗಡಸು. ಬಕೀಟಿನ ಒಳಗೆ ಬಿಳಿ ಕರೆ ಕಟ್ಟುತ್ತದೆ ಅಲ್ವಾ, ಅದೇ ಸುಣ್ಣ ಮಣ್ಣಿನಲ್ಲೂ ಸೇರುತ್ತಾ ಹೋಗುತ್ತದೆ. ದಿನಾ ಒಂದು ಚೊಂಬು ಹಾಕುವುದು ಇದಕ್ಕೆ ಅತಿ ಕೆಟ್ಟ ಪದ್ಧತಿ. ಮೇಲಿನ ಎರಡು ಇಂಚು ಮಾತ್ರ ನೆನೆದು, ನೀರು ಆರಿ, ಉಪ್ಪು ಮೇಲೆಯೇ ಉಳಿಯುತ್ತದೆ. ಬೇರೂ ಮೇಲೆಯೇ ಉಳಿಯುತ್ತದೆ.

ಮೊದಲ ತಿಂಗಳು ದಿನ ಬಿಟ್ಟು ದಿನ ಗಿಡಕ್ಕೆ ಮೂರು ನಾಲ್ಕು ಲೀಟರ್. ನಂತರ ಅಂತರ ಹೆಚ್ಚಿಸಿ, ಪ್ರಮಾಣವನ್ನೂ ಹೆಚ್ಚಿಸಿ. ಮಳೆ ಇಲ್ಲದ ದಿನಗಳಲ್ಲಿ ವಾರಕ್ಕೆ ಎರಡು ಸಲ ಎಂಟರಿಂದ ಹತ್ತು ಲೀಟರ್, ನಿಧಾನವಾಗಿ. ಏಪ್ರಿಲ್-ಮೇನಲ್ಲಿ ಎರಡು ದಿನಕ್ಕೊಮ್ಮೆ ಬೇಕಾಗಬಹುದು. ಹೊದಿಕೆ ಸರಿಸಿ ಬೆರಳು ಎರಡು ಇಂಚು ಒಳಗೆ ಹಾಕಿ ನೋಡಿ. ತೇವ ಇದ್ದರೆ ಆ ದಿನ ಬೇಡ. ಮಧ್ಯಾಹ್ನ ಎಲೆ ಜೋತು ಬಿದ್ದದ್ದನ್ನು ನೋಡಿ ಗಾಬರಿಯಾಗಬೇಡಿ, ಸಂಜೆ ಏಳುತ್ತದೆಯೇ ನೋಡಿ. ಬೆಳಗ್ಗೆಯೂ ಜೋತಿದ್ದರೆ ಮಾತ್ರ ನೀರಡಿಕೆ ಅಥವಾ ಬೇರಿನ ತೊಂದರೆ.

ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಗಿಡಕ್ಕೆ ಹಾಕಬೇಡಿ. ಬೋರ್ ನೀರಿನ ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ. ಅದು ನೆಲ ತೊಳೆಯಲು ಸರಿ. ಎಸಿಯಿಂದ ತೊಟ್ಟಿಕ್ಕುವ ನೀರು ಮಾತ್ರ ಗಿಡಕ್ಕೆ ಒಳ್ಳೆಯದು, ಅದರಲ್ಲಿ ಸುಣ್ಣ ಇಲ್ಲ. ಮಾಳಿಗೆಯ ಮಳೆ ನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದು ಮುಚ್ಚಿಟ್ಟರೆ ಇಕ್ಸೋರಾದಂಥ ಗಿಡಕ್ಕೆ ಅದೇ ಔಷಧಿ.

ಎಲೆ ಹಳದಿಯಾದರೆ

ಯಾವ ಎಲೆ ಅಂತ ಮೊದಲು ನೋಡಿ. ಹೊಸ ಚಿಗುರು ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಗಿಡವಿಡೀ ಮಂಕಾಗಿ ಹಳದಿಯಾಗಿ, ಮಣ್ಣು ಹಸಿಯಾಗಿದ್ದರೆ ಬೇರು ಉಸಿರುಗಟ್ಟಿದೆ, ನೀರು ನಿಲ್ಲಿಸಿ.

ಕಬ್ಬಿಣದ ಕೊರತೆಗೆ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಸಂಜೆ ಹೊತ್ತು ಎಲೆಗಳಿಗೆ ಸಿಂಪಡಿಸಿ. ಹತ್ತು ಹದಿನೈದು ದಿನಕ್ಕೊಮ್ಮೆ, ಎರಡು ಮೂರು ಸಲ. ಹೊಸದಾಗಿ ಕರಗಿಸಿದ್ದನ್ನೇ ಬಳಸಿ. ಫರಸಿ ನೆಲದ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಹಳೇ ಗೋಣಿ ಹಾಸಿಕೊಳ್ಳಿ. ಫೆರಸ್ ಸಲ್ಫೇಟನ್ನು ಮಣ್ಣಿಗೆ ಹಾಕಿದರೆ ಸುಣ್ಣದ ನೆಲದಲ್ಲಿ ಬೇಗ ಕೆಲಸಕ್ಕೆ ಬಾರದಂತಾಗುತ್ತದೆ. ಮಣ್ಣಿಗೇ ಕೊಡಬೇಕು ಅಂದರೆ ಅಂಗಡಿಯಲ್ಲಿ ಈಡಿಡಿಎಚ್‌ಎ ರೂಪದ ಕಬ್ಬಿಣ ಕೇಳಿ. ಬೆಲೆ ಜಾಸ್ತಿ, ಆದರೆ ನಮ್ಮ ಮಣ್ಣಿನಲ್ಲಿ ಕೆಲಸ ಮಾಡುವುದು ಅದೇ.

ಚಾಟ್ನಿ

ಚಾಟ್ನಿ ಅಂದರೆ ಕೊಂಬೆಗಳನ್ನು ಲೆಕ್ಕ ಹಾಕಿ ಕತ್ತರಿಸುವುದು. ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ. ಗಿಡ ಗಿಡ್ಡಗೆ ಇರುವುದೂ, ಹೂ ಬಿಡುವುದೂ ನಿಂತಿರುವುದು ಇಲ್ಲಿ.

ನಮ್ಮ ದ್ರಾಕ್ಷಿ ತೋಟಗಳಲ್ಲಿ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್‌ನದು ಹೊಸ ಕಡ್ಡಿ ಬೆಳೆಸಲು, ಅಕ್ಟೋಬರ್‌ನದು ಹಣ್ಣು ತರಿಸಲು. ಕಾಕಾ ನನಗೆ ಕಲಿಸಿದ್ದು ಇಷ್ಟೇ: "ಕತ್ತರಿ ಹಿಡಿಯೂ ಮುಂದ ಯಾಕ ಹಿಡದೀನಿ ಅಂತ ಗೊತ್ತಿರಬೇಕು." ಉದ್ದ ಆಯಿತು ಅಂತ ಕಂಡಾಗೆಲ್ಲ ತುದಿ ಕತ್ತರಿಸುವುದು ಚಾಟ್ನಿ ಅಲ್ಲ.

ಕತ್ತರಿಸಿದಾಗ ಏನಾಗುತ್ತದೆ? ಕೊಂಬೆಯ ತುದಿ ಒಂದು ರಸ ಮಾಡಿ ಕೆಳಗೆ ಕಳಿಸುತ್ತಾ ಕೆಳಗಿನ ಚಿಗುರೊಡೆಯುವ ಮೊಗ್ಗುಗಳನ್ನು ಮಲಗಿಸಿಟ್ಟಿರುತ್ತದೆ. ತುದಿ ಹೋದರೆ ಆ ಮೊಗ್ಗುಗಳು ಏಳುತ್ತವೆ. ಒಂದು ಕೊಂಬೆ ಇದ್ದಲ್ಲಿ ಎರಡು ಮೂರು ಬರುತ್ತವೆ. ಮಲ್ಲಿಗೆ, ದಾಸವಾಳ, ಗುಲಾಬಿ ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಕೊಂಬೆ ಹೆಚ್ಚಿದಷ್ಟೂ ಹೂ ಹೆಚ್ಚು.

ಮೊದಲ ವರ್ಷ ಕತ್ತರಿ ಬೇಡ, ಬೆರಳು ಸಾಕು. ಸಸಿಯ ಹೊಸ ಚಿಗುರು ನಾಲ್ಕೈದು ಜೊತೆ ಎಲೆ ಬಿಟ್ಟ ಮೇಲೆ ತುದಿಯನ್ನು ಚಿವುಟಿ. ಅಲ್ಲಿಂದ ಬಂದ ಕವಲುಗಳನ್ನೂ ಹಾಗೆಯೇ ಇನ್ನೊಮ್ಮೆ ಚಿವುಟಿ. ಎರಡು ಮೂರು ತಿಂಗಳ ಹೂ ಬಿಟ್ಟುಕೊಟ್ಟರೆ ಗಿಡಕ್ಕೆ ಜೀವನಪೂರ್ತಿ ಒಳ್ಳೆಯ ಆಕಾರ ಸಿಗುತ್ತದೆ. ಮೊಗ್ಗು ಬಂದದ್ದನ್ನು ಚಿವುಟಲು ಮನಸ್ಸು ಬರುವುದಿಲ್ಲ, ನನಗೂ ಬರುತ್ತಿರಲಿಲ್ಲ. ಆದರೂ ಚಿವುಟಿ.

ದುಂಡು ಮಲ್ಲಿಗೆಗೆ ನವೆಂಬರ್ ಕೊನೆಯ ವಾರ. ಎರಡು ವಾರ ಮೊದಲೇ ನೀರು ಕಡಿಮೆ ಮಾಡಿ. ನಂತರ ಎಲ್ಲಾ ಕೊಂಬೆಗಳನ್ನು ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ. ಒಣಗಿದ, ಒಂದಕ್ಕೊಂದು ತಿಕ್ಕುವ ಕೊಂಬೆಗಳನ್ನು ಬುಡದಿಂದಲೇ ತೆಗೆಯಿರಿ, ಉಳಿದ ಎಲೆ ಸವರಿ. ಗಿಡ ಬೋಳು ಕಾಣುತ್ತದೆ, ಹೆದರಬೇಡಿ. ಜನವರಿಯಲ್ಲಿ ಗೊಬ್ಬರ ಕೊಟ್ಟು ಮತ್ತೆ ಚೆನ್ನಾಗಿ ನೀರು ಶುರು ಮಾಡಿ. ಮಾರ್ಚ್‌ನಲ್ಲಿ ಮೊಗ್ಗು.

ಗುಲಾಬಿ ಇದ್ದರೆ ಮಳೆ ನಿಂತ ಮೇಲೆ, ಅಕ್ಟೋಬರ್ ಎರಡನೇ ಭಾಗದಲ್ಲಿ. ಹೊರಮುಖವಾಗಿರುವ ಮೊಗ್ಗಿನ ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿಸಿ. ದಾಸವಾಳಕ್ಕೆ ಜೂನ್‌ನಲ್ಲಿ ಮೂರನೇ ಒಂದು ಭಾಗ, ಫೆಬ್ರವರಿ ಮೊದಲ ವಾರದಲ್ಲಿ ಹಗುರವಾಗಿ ಇನ್ನೊಮ್ಮೆ. ನಂದಿಬಟ್ಟಲು, ಕಣಗಿಲ, ಪ್ಲಂಬಾಗೋ ಜೂನ್‌ನಲ್ಲಿ ಸಾಕು. ನಂದಿಬಟ್ಟಲು, ಕಣಗಿಲದ ರಸ ಕಣ್ಣಿಗೆ, ಚರ್ಮಕ್ಕೆ ತಾಗದಂತೆ ಕೈಗವಸು ಹಾಕಿಕೊಳ್ಳಿ. ಅಬ್ಬಲಿಗೆಯಲ್ಲಿ ಹೂ ಮುಗಿದ ತೆನೆ ಮುರಿಯುತ್ತಾ ಹೋಗುವುದೇ ಚಾಟ್ನಿ.

ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ ಯಾವ ಗಿಡಕ್ಕೂ ಗಟ್ಟಿ ಚಾಟ್ನಿ ಬೇಡ. ಎಲೆಯ ನೆರಳಿನಲ್ಲಿದ್ದ ತೊಗಟೆ ಒಮ್ಮೆಲೇ 40 ಡಿಗ್ರಿ ಬಿಸಿಲಿಗೆ ಬಿದ್ದರೆ ಸುಟ್ಟು ಸೀಳುತ್ತದೆ.

ಇನ್ನೊಂದು ಮಾತು. ಪೊದೆಯನ್ನು ಚೆಂಡಿನಂತೆ, ಪೆಟ್ಟಿಗೆಯಂತೆ ಹೊರಗಿನಿಂದಷ್ಟೇ ಸವರುತ್ತಾ ಹೋದರೆ ಹೊರಗೆ ಎಲೆಯ ಗೋಡೆ, ಒಳಗೆ ಒಣ ಕಡ್ಡಿ. ಗಾಳಿ ಆಡುವುದಿಲ್ಲ, ಹುಳ ಸೇರುತ್ತದೆ. ಪ್ರತಿ ವರ್ಷ ಎರಡು ಮೂರು ಹಳೇ ಕೊಂಬೆಗಳನ್ನು ಒಳಗೆ ಕೈ ಹಾಕಿ ಬುಡದಿಂದ ತೆಗೆಯಿರಿ.

ಗೊಬ್ಬರ, ಹುಳ

ಗೊಬ್ಬರದಲ್ಲಿ ಕಡಿಮೆಯೇ ಒಳ್ಳೆಯದು. ಯೂರಿಯಾ ಹಾಕಿದರೆ ಗಿಡ ಹಸಿರಾಗಿ ಮೇಲಕ್ಕೆ ಹಾರುತ್ತದೆ, ಹೂ ಇರುವುದಿಲ್ಲ, ಎಳೆ ಚಿಗುರಿಗೆ ಸಸ್ಯಹೇನು ಮುತ್ತುತ್ತದೆ. ಜೂನ್‌ನಲ್ಲೊಮ್ಮೆ, ಜನವರಿಯಲ್ಲೊಮ್ಮೆ ಗಿಡಕ್ಕೆ ಎರಡು ಕಿಲೋ ಕೊಳೆತ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಹೂ ಬಿಡುವ ತಿಂಗಳುಗಳಲ್ಲಿ ಶೇಂಗಾ ಹಿಂಡಿ ಮೂರು ದಿನ ನೆನೆಸಿ, ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ, ತಿಂಗಳಿಗೊಮ್ಮೆ ಬುಡಕ್ಕೆ ಹಾಕಿ.

ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಬಂದೇ ಬರುತ್ತದೆ. ಮೊದಲು ಇರುವೆ ಸಾಲು ಕಾಣುತ್ತದೆ, ಅದೇ ಸೂಚನೆ. ಹೆಚ್ಚು ಹತ್ತಿದ ತುದಿಗಳನ್ನು ಕತ್ತರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ. ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಹೊಡೆಯಿರಿ. ನಂತರ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ, ವಾರಕ್ಕೊಮ್ಮೆ ಮೂರು ಸಲ. ಬೇಸಿಗೆಯಲ್ಲಿ ಎಲೆ ಮೇಲೆ ಸಣ್ಣ ಸಣ್ಣ ಮಾಸಲು ಚುಕ್ಕೆ, ಕೆಳಗೆ ಬಲೆಯಂಥದ್ದು ಕಂಡರೆ ಅದು ನುಸಿ. ಎಲೆಯ ಕೆಳಭಾಗಕ್ಕೆ ಬೆಳಗ್ಗೆ ನೀರು ಹೊಡೆಯುತ್ತಿದ್ದರೆ ತಗ್ಗುತ್ತದೆ.

ಏಪ್ರಿಲ್, ಮೇ

ಮೊದಲ ಬೇಸಿಗೆ ದಾಟಿದ ಗಿಡ ಮುಂದೆ ಬದುಕುತ್ತದೆ. ಆ ಒಂದು ವರ್ಷ ಮಾರ್ಚ್ ಕೊನೆಯಿಂದ 50 ಶೇಕಡಾ ನೆರಳಿನ ಬಲೆಯನ್ನು ಪಶ್ಚಿಮದ ಕಡೆ ಕಟ್ಟಿ. ಮೇಲೆ ಪೂರ್ತಿ ಮುಚ್ಚಬೇಡಿ, ಮಲ್ಲಿಗೆಗೆ ಬಿಸಿಲು ಬೇಕು. ಹೊದಿಕೆ ಇನ್ನೊಂದು ಇಂಚು ದಪ್ಪ ಮಾಡಿ. ಆ ಬೇಸಿಗೆಯಲ್ಲಿ ಗೊಬ್ಬರ ಕೊಡಬೇಡಿ.

ಕುಂಡದವರಿಗೆ ಕಷ್ಟ ಜಾಸ್ತಿ. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ. ಮಣ್ಣಿನ ಕುಂಡ ತಗೊಳ್ಳಿ, ಕನಿಷ್ಠ 12 ಇಂಚಿನದು. ಪ್ಲಾಸ್ಟಿಕ್ ಕುಂಡವೇ ಇದ್ದರೆ ಅದನ್ನು ಇನ್ನೊಂದು ದೊಡ್ಡ ಕುಂಡದೊಳಗೆ ಇಟ್ಟು ನಡುವೆ ಶೇಂಗಾ ಹೊಟ್ಟು ತುಂಬಿ. ಕಾಗದದ ಹೂವನ್ನು ಮಾತ್ರ ನಾನು ಕುಂಡದಲ್ಲೇ ಇಷ್ಟಪಡುತ್ತೇನೆ. ಬೇರಿಗೆ ಜಾಗ ಕಡಿಮೆಯಾದಷ್ಟೂ, ನೀರು ಸ್ವಲ್ಪ ಬಿಗಿಯಾದಷ್ಟೂ ಬಣ್ಣ ತುಂಬುತ್ತದೆ. ಒಂದು ಸುತ್ತು ಹೂ ಮುಗಿದ ಮೇಲೆ ಕತ್ತರಿಸಿ, ಚಿಗುರು ಬಲಿತ ನಂತರ ನೀರು ಹಿಡಿದು ಕೊಡಿ.

ಕಡ್ಡಿಯಿಂದ ಹೊಸ ಗಿಡ

ಜೂನ್ ಚಾಟ್ನಿಯ ಕಡ್ಡಿಗಳನ್ನು ಎಸೆಯಬೇಡಿ. ದಾಸವಾಳ, ನಂದಿಬಟ್ಟಲು, ಪ್ಲಂಬಾಗೋ ಸುಲಭವಾಗಿ ಬೇರು ಬಿಡುತ್ತವೆ. ಪೆನ್ಸಿಲ್ ದಪ್ಪದ, ಆರು ಇಂಚಿನ, ಎಳಸೂ ಅಲ್ಲದ ಬಲಿತೂ ಹೋಗದ ಕಡ್ಡಿ ಆರಿಸಿ. ಕೆಳಗಿನ ತುದಿಯನ್ನು ಗೆಣ್ಣಿನ ಕೆಳಗೇ ಕತ್ತರಿಸಿ, ಮೇಲೆ ಎರಡೇ ಎಲೆ ಉಳಿಸಿ. ಅರ್ಧ ಮರಳು, ಅರ್ಧ ಮಸಾರಿ ತುಂಬಿದ ಪಾಕೀಟಿನಲ್ಲಿ ಎರಡು ಗೆಣ್ಣು ಒಳಗೆ ಹೋಗುವಂತೆ ಚುಚ್ಚಿ. ನೆರಳಿನಲ್ಲಿಟ್ಟು, ಮಣ್ಣು ಒಣಗದಂತೆ ನೋಡಿಕೊಳ್ಳಿ. ಬೇರು ಬಂತಾ ಅಂತ ಎಳೆದು ನೋಡಬೇಡಿ. ಐದಾರು ವಾರದಲ್ಲಿ ಹೊಸ ಚಿಗುರು ಗಟ್ಟಿಯಾಗಿ, ಪಾಕೀಟಿನ ತೂತಿನಿಂದ ಬಿಳಿ ಬೇರು ಇಣುಕಿದ ಮೇಲೆ ಬೆಳಗಿನ ಬಿಸಿಲಿಗೆ ಇಡಿ. ಕಳೆದ ಜುಲೈನಲ್ಲಿ ಕಾಕಾನ ಮನೆಗೆ ನಾನು ಕೊಟ್ಟ ನಂದಿಬಟ್ಟಲು ಹೀಗೆ ಮಾಡಿದ್ದು. ಈ ಮಳೆಗಾಲದಲ್ಲಿ ಅವರು ಅದರ ತುದಿ ಎರಡನೇ ಸಲ ಚಿವುಟಿದ್ದಾರೆ.